ದವಾಖಾನಿ ಇಂಗ್ಲೀಷು

"ಹೂಂ, ಮಾತಾಡವ್ವ," ಎಂದ ಫಕ್ರುಸಾಬ, ಮಗಳ ಬೆನ್ನಿಗೆ ಮೆಲ್ಲಗೆ ಕೈ ತಾಗಿಸಿ. "ಹೆಸರ ಕೇಳಾಕತ್ತಾರ ನೋಡು. ದಿನಾ ಮಾತಾಡಿದಂಗ ಮಾತಾಡು."

ಗದಗಿನ ಆ ಇಂಗ್ಲಿಷ್ ಶಾಲೆಯ ದೊಡ್ಡ ಟೀಚರು ಮೇಜಿನಾಚೆ ಪೆನ್ನು ಹಿಡಿದು ಕಾಯುತ್ತಿದ್ದರು. ಆರು ವರ್ಷದ ಮೋತಿಬಿ ಗಿಡ್ಡ ಕಾಲನ್ನು ತುದಿಬೆರಳ ಮೇಲೆ ಊರಿ ನಿಂತು, ಕತ್ತೆತ್ತಿ ಶುರು ಮಾಡಿದಳು. ಒಂದೇ ಓಟ! ನಡುವೆ ಒಮ್ಮೆ ನಕ್ಕಳು, ಒಮ್ಮೆ ಯಾರನ್ನೋ ಗದರಿದಳು, ಕೊನೆಗೆ ಏನನ್ನೋ ಕೇಳಿದವಳಂತೆ ದನಿ ಏರಿಸಿ ನಿಲ್ಲಿಸಿದಳು. ಫಕ್ರುಸಾಬನ ಎದೆ ಉಬ್ಬಿತು. ಸೀಟು ಸಿಕ್ಕೇಬಿಟ್ಟಿತು ಅಂದುಕೊಂಡ, ಪಾಪ.

ಅವನು ಡಂಬಳದಲ್ಲಿ ಹತ್ತಿ ಹಿಂಜಿ ಗಾದಿ ತುಂಬುವವನು. ಮಗಳಿಗೆ ಸೊಂಟದ ಎಲುಬಿನ ಬೇನೆ ಹತ್ತಿ, ಅವಳು ಬೆಟಗೇರಿಯ ದವಾಖಾನೆಯೊಂದರಲ್ಲಿ ಹನ್ನೊಂದು ತಿಂಗಳು ಕಾಲಿಗೆ ತೂಕ ಕಟ್ಟಿಸಿಕೊಂಡು ಮಲಗಿದ್ದಳು. ತಾಯಿ ಲಾಲಬಿಗೆ ಮನೆಯಲ್ಲಿ ಹಸುಗೂಸು; ವಾರಕ್ಕೊಮ್ಮೆ ಬಂದು ಮುಖ ನೋಡಿ ಹೋಗುವುದಷ್ಟೇ ಆಗುತ್ತಿತ್ತು. ಅಲ್ಲಿನ ನರ್ಸುಗಳು ಕೇರಳದವರು, ಕನ್ನಡ ಬಾರದು. ಇಂಗ್ಲಿಷಿನಲ್ಲೇ ಉಣಿಸಿದರು, ಇಂಗ್ಲಿಷಿನಲ್ಲೇ ರಮಿಸಿದರು, ಸೂಜಿ ಚುಚ್ಚುವಾಗ ಬೈದದ್ದೂ ಅದರಲ್ಲೇ. ಆರು ತಿಂಗಳ ಹಿಂದೆ ಮನೆಗೆ ಕರೆದೊಯ್ಯುವ ದಿನ ಆ ಹುಡುಗಿ ಅವರೊಡನೆ ಅರಳು ಹುರಿದಂತೆ ಮಾತಾಡುವುದನ್ನು ನೋಡಿ ಫಕ್ರುಸಾಬ ವರಾಂಡದಲ್ಲೇ ಅತ್ತುಬಿಟ್ಟಿದ್ದ. ಕಾಲು ಮೂರು ಬೆರಳು ಗಿಡ್ಡಾಗಿತ್ತು. ಆಗಲಿ ಬಿಡು!

"ಅಲ್ಲಾ ಕಾಲ ಇಸಗೊಂಡ, ನಾಲಿಗಿ ಕೊಟ್ಟ," ಎಂದು ಹೆಂಡತಿಗೆ ಹೇಳಿದ್ದ. ಹೊಲದ ಕೆಲಸ ಈ ಹುಡುಗಿಯಿಂದ ಆಗದು, ಲಗ್ನವೂ ಕಷ್ಟವೇ. ಇಂಗ್ಲಿಷು ಕಲಿತು ನರ್ಸೋ ಟೀಚರೋ ಆದರೆ ಯಾರ ಹಂಗೂ ಇಲ್ಲದೆ ಬದುಕುತ್ತಾಳೆ. ಅದೊಂದೇ ದಾರಿ ಅವನಿಗೆ ಕಂಡದ್ದು. ಊರ ಶಾಲೆಯಲ್ಲಿ ಇಂಗ್ಲಿಷು ಐದನೆಯ ತರಗತಿಗೆ. ಅಲ್ಲಿತನಕ ಮರೆತುಹೋದರೆ? ದಿನಾ ಬೆಳಿಗ್ಗೆ ಅಂಗಡಿ ಕಟ್ಟೆಯ ಮೇಲೆ ನಿಲ್ಲಿಸಿ ಮಾತಾಡಿಸುತ್ತಿದ್ದ. ಗಾದಿ ಒಯ್ಯಲು ಬಂದವರು ಬಾಯಿ ತೆರೆದು ಕೇಳುತ್ತಿದ್ದರು. ಊರಿಗೆ ಊರೇ ಶಹಬ್ಬಾಸ್ ಅಂದಿತ್ತು.

ದೊಡ್ಡ ಟೀಚರು ಶಹಬ್ಬಾಸ್ ಅನ್ನಲಿಲ್ಲ. ಕೈಯಲ್ಲಿದ್ದ ಪೆನ್ನು ಎತ್ತಿ ತೋರಿಸಿ ಇಂಗ್ಲಿಷಿನಲ್ಲಿ ಏನೋ ಕೇಳಿದರು. ಮೋತಿಬಿ ಪೆನ್ನನ್ನೇ ನೋಡಿದಳು. ಆಮೇಲೆ ಮತ್ತೆ ಅದೇ ಓಟ ಶುರು ಮಾಡಿದಳು, ಅದೇ ನಗು, ಅದೇ ಗದರಿಕೆ.

"ಸಾಕಮ್ಮ," ಎಂದು ಆಕೆ ಪೆನ್ನು ಕೆಳಗಿಟ್ಟರು. "ಇದು ಇಂಗ್ಲಿಷ್ ಅಲ್ಲಪ್ಪ."

"ಅಲ್ಲ ಅಂದ್ರ ಏನ್ರಿ?"

"ರಾಗ ಮಾತ್ರ ಇಂಗ್ಲಿಷಿನದು. ಒಳಗೆ ಒಂದು ಮಾತೂ ಇಲ್ಲ. ಮಗು ಸುಮ್ಮನೆ ಸದ್ದು ಮಾಡ್ತಿದೆ."

ಫಕ್ರುಸಾಬ ನಕ್ಕ. "ಹಂಗಲ್ರಿ ಅಕ್ಕೋರ. ಈಗ ನಮ್ಮ ಕಡೆ ಕನ್ನಡ ಬ್ಯಾರೆ, ಮೈಸೂರ ಕಡೆ ಕನ್ನಡ ಬ್ಯಾರೆ. ಅವ್ರ ಮಾತು ನಮಗ ಅರ್ಧಾ ತಿಳಿಯಂಗಿಲ್ಲ. ಇದು ದವಾಖಾನಿ ಇಂಗ್ಲೀಷ್ರಿ, ನಿಮ್ಮದು ಶಾಲಿ ಇಂಗ್ಲೀಷು. ಹೊಂದಿಕೊಂತಾಳ್ರಿ ಹುಡುಗಿ, ಭಾಳ ಶಾಣ್ಯಾಕಿ ಅದಾಳ."

ಆಕೆ ನಗಲಿಲ್ಲ. ನಕ್ಕಿದ್ದರೆ ಚೆನ್ನಾಗಿತ್ತು, ಇನ್ನೆರಡು ಮಾತು ವಾದ ಹಾಕಬಹುದಿತ್ತು. "ಮನೆಯಲ್ಲಿ ಇಂಗ್ಲಿಷ್ ಬಲ್ಲವರು ಯಾರಿದ್ದಾರೆ?" ಎಂದು ಕೇಳಿ, ಅವನು ತಲೆ ತಗ್ಗಿಸಿದ್ದನ್ನು ನೋಡಿ, "ಊರ ಶಾಲೆಗೇ ಹಾಕಿ," ಎಂದರು. ಅರ್ಜಿಯ ಮೇಲೆ ಅಡ್ಡ ಗೆರೆ ಎಳೆದು ಮುಂದಿನವರನ್ನು ಕರೆದರು.

ಶಾಲೆಯ ಹೊರಗಿನ ನಳದ ಹತ್ತಿರ ಅವನು ಮಗಳ ಮುಂದೆ ಕುಕ್ಕರಗಾಲಲ್ಲಿ ಕೂತ.

"ಖರೆ ಹೇಳು. ಬೈಯೂದಿಲ್ಲ. ನರ್ಸಬಾಯಿ ಕಲಿಸಿದ್ದು ಎಲ್ಲಿ ಹೋತು?"

"ಗೊತ್ತಿಲ್ಲಪ್ಪಾ. ಮೊಹರಮ್ ತನಕ ಇತ್ತು. ಆಮ್ಯಾಲ ಹೋತು."

"ಎಲ್ಲಾ?"

"ಎಲ್ಲಾ. ನಾ ಒಬ್ಬಾಕೀನ ಮಾತಾಡ್ತಿದ್ದೆ. ಯಾರೂ ತಿರುಗಿ ಮಾತಾಡ್ಲಿಲ್ಲ."

"ಮತ್ತ ದಿನಾ ಕಟ್ಟಿ ಮ್ಯಾಲ ನಿಂತು ಹೇಳ್ತಿದ್ದ್ಯಲ್ಲ?"

"ನೀ ಹೇಳು ಅಂತಿದ್ದಿ."

ಅವನು ಆರು ತಿಂಗಳು ಎದುರಿಗೇ ಕೂತು ಕೇಳಿದ್ದ. ಒಂದೊಂದೇ ಮಾತು ಸತ್ತುಹೋದದ್ದು ಅವನಿಗೆ ತಿಳಿಯಲೇ ಇಲ್ಲ. ತಿಳಿಯುವುದಾದರೂ ಹೇಗೆ, ಅವನ ಕರ್ಮ! ಅವಳ ಮುಖ ತೊಳೆಸಿ, ಎತ್ತಿಕೊಂಡು ಬಸ್‌ಸ್ಟ್ಯಾಂಡಿಗೆ ನಡೆದ.

ಮುಂಡರಗಿ ಬಸ್ಸು ತುಂಬಿತ್ತು. ಹಿಂದಿನ ಸೀಟಿನಿಂದ ಡಂಬಳದ ಕೊಟ್ರಪ್ಪ, ಕಿರಾಣಿ ಅಂಗಡಿಯವನು, ಕೂಗಿದ. "ಏನ್ ಫಕ್ರುಸಾಬ, ಕೆಲಸ ಆತೇನಪಾ? ಮೋತವ್ವ, ಒಂದೀಟು ಇಂಗ್ಲೀಷ್ ಬಿಡಬೇ! ಈ ಮಂದಿ ನಂಬವಲ್ರು ನೋಡು, ನಾ ಎಷ್ಟ ಹೇಳಿದರೂ."

ಬಸ್ಸಿನ ಜನವೆಲ್ಲ ನಗುತ್ತ ಇತ್ತ ತಿರುಗಿದರು. ಮೋತಿಬಿ ಅಪ್ಪನ ಮುಖ ನೋಡಿದಳು. ಅವಳು ಅವನ ಹೆಗಲು ಹಿಡಿದು ಸೀಟಿನ ಮೇಲೆ ಎದ್ದು ನಿಂತು, ಕತ್ತೆತ್ತಿ ಶುರು ಮಾಡಿದಳು.

ಫಕ್ರುಸಾಬ ಅವಳ ಬಾಯಿಯ ಮೇಲೆ ಕೈ ಇಟ್ಟ. ಅಂಗೈಯೊಳಗೆ ಆ ಸಣ್ಣ ತುಟಿಗಳು ಇನ್ನೂ ಆಡುತ್ತಲೇ ಇದ್ದವು.