ಬಾವಿಯ ಲೆಕ್ಕ

ರೇಣವ್ವ ಅಂಗಳಕ್ಕೆ ಕಾಲಿಟ್ಟಾಗ ಚಾಂದಸಾಬ ಶವ ಕೂಡ್ರಿಸಿ ಒಯ್ಯುವ ವಿಮಾನಕ್ಕೆ ಬಾಳೆಕಂಬ ಬಿಗಿಯುತ್ತಿದ್ದ. ಹದಿಮೂರು ವರ್ಷಗಳ ಮೇಲೆ ಕಂಡರೂ ಗುರುತು ಹಿಡಿದ. ಕೈಯಲ್ಲಿದ್ದ ಹಗ್ಗ ಬಿಡದೆ, ಒಳಗೆ ಹೋಗೆಂದು ತಲೆಯಾಡಿಸಿದ. ಇಬ್ಬರೂ ಒಂದೇ ತರಗತಿಯವರು, ಒಂದೇ ವರ್ಷ ನಪಾಸಾದವರು. ಅವನೀಗ ಇಳಕಲ್ಲಿನಲ್ಲಿ ನೇಕಾರ. ಅವಳನ್ನು ಕೆರೂರಿಗೆ ಕೊಟ್ಟಿದ್ದರು.

ಪಡಸಾಲೆಯಲ್ಲಿ ಅಮಾತೆಪ್ಪ ಮಾಸ್ತರರನ್ನು ಗೋಡೆಗೆ ಒರಗಿಸಿ ಕೂಡ್ರಿಸಿದ್ದರು. ಹಣೆ ತುಂಬ ವಿಭೂತಿ. ಹಿಂದಿನ ದಿನ ತರಗತಿಯಲ್ಲಿ ಪ್ರಮೇಯ ಬರೆಸುತ್ತಿದ್ದಾಗಲೇ ಕುಸಿದಿದ್ದರು. ರೇಣವ್ವನ ನಂತರ ಅವರಲ್ಲಿ ಕಲಿತು ಈಗ ಬಾಗಲಕೋಟೆಯಲ್ಲಿ ಕಾರಕೂನನಾಗಿದ್ದವನೊಬ್ಬ, ಒಂದೊಂದು ಲೆಕ್ಕವನ್ನೂ ಮಾಸ್ತರರು ಇಪ್ಪತ್ತು ಸಲ ಬರೆಸುತ್ತಿದ್ದುದನ್ನು, ಅವರ ಕೈಯಲ್ಲಿ ವರ್ಷಗಟ್ಟಲೆ ಒಬ್ಬನೂ ನಪಾಸಾಗದ್ದನ್ನು ಹೇಳುತ್ತಿದ್ದ.

“ಯಾಕಂತ ಕೇಳೂ ಹಂಗ ಇರಲಿಲ್ಲ ನೋಡ್ರಿ. ಬರಿ ಅಂದ್ರ ಬರೀಬೇಕು.”

ಇವನು ಬೇರೆ ಯಾರನ್ನೋ ಕುರಿತು ಮಾತಾಡುತ್ತಿದ್ದಾನೆ ಅನಿಸಿತು ರೇಣವ್ವನಿಗೆ.

*

೧೯೭೩ರ ಕಾರ್ತಿಕ. ಹತ್ತನೆಯ ತರಗತಿಯಲ್ಲಿ ಘನಫಲದ ಪಾಠ ನಡೆದಿತ್ತು. ಕುರಿ ಕಾಯುವ ಹುಲ್ಲಪ್ಪನ ಮಗಳು ರೇಣವ್ವ ಎದ್ದು, ನಮ್ಮೂರ ಬಾವಿಯ ನೀರು ಉಗಾದಿತನಕ ಬಂದೀತೇ ಎಂದು ಕೇಳಿದ್ದಳು. ಮಾಸ್ತರರು ಪುಸ್ತಕ ಮುಚ್ಚಿದರು.

“ನನಗೂ ಗೊತ್ತಿಲ್ಲ. ನಡೀರಿ, ನೋಡೂಣು.”

ಹನ್ನೊಂದು ಮಕ್ಕಳು ಮೂರು ತಿಂಗಳು ಆ ಬಾವಿಯನ್ನು ಬಿಡಲಿಲ್ಲ. ಚಾಂದಸಾಬ ಹಗ್ಗಕ್ಕೆ ಗೇಣಿಗೊಂದು ಗಂಟು ಹಾಕಿ ಕಲ್ಲು ಕಟ್ಟಿ ಇಳಿಬಿಟ್ಟ. ದಿನಕ್ಕೆ ಎಷ್ಟು ಕೊಡ ಸೇದಿದರು, ಎಷ್ಟು ಬೆರಳು ನೀರು ಇಳಿಯಿತು ಎಂದು ರೇಣವ್ವ ಬರೆದಿಟ್ಟಳು. ತಳದಲ್ಲಿ ಬಂಡೆಯಿದ್ದು ಪುಸ್ತಕದ ಸೂತ್ರ ತಾಳೆಯಾಗಲಿಲ್ಲ. ಜಗಳಾಡಿ ಹೊಸದಾಗಿ ಅಳೆದರು. ಹೋಳಿಯ ಹೊತ್ತಿಗೆ ಬತ್ತುತ್ತದೆ ಎಂದಳು ರೇಣವ್ವ. ಹೋಳಿಗೆ ಎರಡು ದಿನ ಮೊದಲೇ ಬತ್ತಿತು. ಅಂದು ಮಾಸ್ತರರು ಅವಳನ್ನು ತಮ್ಮ ಕುರ್ಚಿಯಲ್ಲಿ ಕೂಡ್ರಿಸಿ ತಾವು ಬೆಂಚಿನ ಮೇಲೆ ಕೂತರು.

ಅಷ್ಟರಲ್ಲಿ ವೃತ್ತದ ಪ್ರಮೇಯಗಳೂ ಅರ್ಧ ಬೀಜಗಣಿತವೂ ಉಳಿದುಹೋಗಿದ್ದವು. ಒಂಬತ್ತು ಮಂದಿ ನಪಾಸಾದರು. ಗಣಿತದಲ್ಲಿ ರೇಣವ್ವನಿಗೆ ಮೂವತ್ತೊಂದು, ಬೇಕಾದದ್ದು ಮೂವತ್ತೈದು.

ಫಲಿತಾಂಶ ಬಂದ ದಿನವೇ ಮಾಸ್ತರರು ಹುಲ್ಲಪ್ಪನ ಮನೆಗೆ ಬಂದು ಹೊರಗೇ ನಿಂತರು.

“ತಪ್ಪು ನಂದೈತಿ, ಹುಲ್ಲಪ್ಪ. ಅಕ್ಟೋಬರಕ್ಕ ಮತ್ತ ಪರೀಕ್ಷಾಕ್ಕ ಕೂಡ್ಸೂಣು. ನಾ ಇಲ್ಲೇ ಬಂದು ಹೇಳಿಕೊಡ್ತೇನಿ.”

“ಆಕಿ ಬಾವಿ ಅಳದದ್ದು ಸಾಕ್ರಿ, ಮಾಸ್ತರ. ವರ ಗೊತ್ತು ಮಾಡೀವಿ.”

ರೇಣವ್ವ ಬಾಗಿಲ ಹಿಂದೆ ಇದ್ದಳು. ಮಾಸ್ತರರು ಇನ್ನೊಂದು ಮಾತು ಆಡಿಯಾರು ಎಂದು ಕಾದಳು. ಚಪ್ಪಲಿ ಸಪ್ಪಳ ದೂರವಾಯಿತು.

*

ಮಾಸ್ತರರ ಹೆಂಡತಿ ಗುರುಸಿದ್ದವ್ವ ಅವಳನ್ನು ಪಕ್ಕಕ್ಕೆ ಕೂಡ್ರಿಸಿಕೊಂಡಳು.

“ಆ ವರ್ಷದಿಂದ ಹುಡುಗರನ್ನ ಹೊರಗ ಕರಕೊಂಡು ಹೋಗಲೇ ಇಲ್ಲ, ತಂಗಿ. ಇನ್ನೊಬ್ಬಾಕಿ ರೇಣವ್ವನಂಗ ಆಗಬಾರದು ಅಂತಿದ್ರು.”

ಹದಿಮೂರು ವರ್ಷ ಮಾಸ್ತರರ ಮೇಲಿನ ಸಿಟ್ಟನ್ನು ಹೊತ್ತು ಬಂದವಳಿಗೆ ಈ ಮಾತು ಅದಕ್ಕಿಂತ ಭಾರವಾಯಿತು. ಬದುಕಿನಲ್ಲಿ ತನ್ನದೆನ್ನುವ ದಿನಗಳು ಇದ್ದರೆ ಆ ಮೂರು ತಿಂಗಳು ಮಾತ್ರ. ತನ್ನ ಹೆಸರಿನಲ್ಲೇ ಅಂಥ ದಿನಗಳಿಗೆ ಬೀಗ ಬಿದ್ದಿತ್ತು.

“ಬಾವೀನೂ ಬೇಕಿತ್ರಿ ಅವ್ವಾರ, ಪಾಸೂ ಆಗಬೇಕಿತ್ತು. ಎರಡೂ ಬೇಕಿತ್ತು ನನಗ.”

ಗುರುಸಿದ್ದವ್ವ ಗಂಡನ ಮುಖ ನೋಡಿದಳು. “ಇತ್ತೀಚಿಗೆ ಅವರೂ ಅದನ್ನ ಅಂತಿದ್ರು. ಮುಂಜಾನಿ ಪಾಠ ಮುಗಿಸಿ, ಸಂಜೀಕ ಬಾವಿಗೆ ಹೋಗಬಹುದಿತ್ತು ಅಂತ. ಧೈರ್ಯ ಆಗಲಿಲ್ಲ.”

ಮಧ್ಯಾಹ್ನದ ಬಿಸಿಲಲ್ಲಿ ಭಜನೆಯ ಹಿಂದೆ ವಿಮಾನ ಹೊರಟಿತು. ರುದ್ರಭೂಮಿಯಲ್ಲಿ ಮಠದ ಸಂಗಯ್ಯ ಸ್ವಾಮಿಗಳು ಮಂತ್ರ ಹೇಳಿ, ಮಾಸ್ತರರನ್ನು ಕುಳಿತ ಹಾಗೆಯೇ ಕುಣಿಗೆ ಇಳಿಸಿದರು. ರೇಣವ್ವ ಮೂರು ಹಿಡಿ ಮಣ್ಣು ಹಾಕಿ ಸರಿದು ನಿಂತಳು.

ಎದುರಿಗೆ ಈ ವರ್ಷದ ಹತ್ತನೆಯ ತರಗತಿಯ ಮಕ್ಕಳು, ಯಾರೂ ಹೇಳದಿದ್ದರೂ, ಎತ್ತರದ ಪ್ರಕಾರ ಸಾಲು ಹಿಡಿದಿದ್ದರು. ಮರುದಿನ ಗಣಿತದ ಪರೀಕ್ಷೆ. ಮಣ್ಣು ಬೀಳುತ್ತಿತ್ತು. ಯಾರೂ ಕುಣಿಯತ್ತ ನೋಡಲಿಲ್ಲ. ಕಣ್ಣು ಮುಚ್ಚಿ, ಕೈಮುಗಿದು, ಸದ್ದಿಲ್ಲದೆ ತುಟಿಯಾಡಿಸುತ್ತ ಅವರು ಪ್ರಮೇಯ ಬಾಯಿಪಾಠ ಮಾಡುತ್ತಿದ್ದರು.