ಅರ್ಜೆಂಟ್ ಅಲ್ಲದ ಕಿವಿ

ಎಕ್ಕಂಬಿಯ ಶಿವಲಿಂಗಪ್ಪನ ಹಿಟ್ಟಿನ ಗಿರಣಿಗೆ ಆ ದಿನ ಎದುರು ಮನೆಯ ಮಂಜಿ ಬಂದವಳೇ ಡಬ್ಬಿಯನ್ನು ಕಟ್ಟೆಯ ಮೇಲೆ ಕುಕ್ಕಿದಳು.

"ಏನ್ ಮಾಡೀರಿ ಅಣ್ಣಾ ಇದನ್ನ? ಇಡ್ಲಿಗೆ ಅಕ್ಕಿ ತರಿ ಒಡೀರಿ ಅಂತ ಎರಡು ಸಲ ಹೇಳಿದ್ನಲ್ಲ. ಹಿಟ್ಟು ಮಾಡಿ ಇಟ್ಟೀರಿ!"

"ಸಣ್ಣಗ ಅಂತ ಅಂದಿದ್ದಿ ಅಲ್ಲವಾ?"

"ಸಣ್ಣಗ ಬ್ಯಾಡ ಅಂದೆ."

ಶಿವಲಿಂಗಪ್ಪನಿಗೆ 'ಸಣ್ಣಗ' ಮಾತ್ರ ಕೇಳಿತ್ತು. ಗಿರಣಿಯ ಸದ್ದಿನಲ್ಲಿ ಉಳಿದದ್ದು ಕೇಳಲಿಲ್ಲ ಎಂದು ಹೇಳಿ ತಪ್ಪಿಸಿಕೊಂಡ. ಆದರೆ ಮಂಜಿ ಮಾತಾಡುವಾಗ ಗಿರಣಿ ನಿಂತಿತ್ತು ಎಂಬುದು ಅವನಿಗೆ ಚೆನ್ನಾಗಿ ಗೊತ್ತಿತ್ತು.

ಅರವತ್ತಾರು ವರ್ಷದ ಮನುಷ್ಯ. ನಲವತ್ತು ವರ್ಷದಿಂದ ಅದೇ ಗಿರಣಿಯ ಪಕ್ಕ ನಿಂತವನು. ಕಿವಿ ಮಂದವಾಗುತ್ತ ಬಂದು ಎರಡು ವರ್ಷವಾಗಿತ್ತು. ಹೆಂಡತಿ ಸಿದ್ದವ್ವ ಅಂದೂ ಹೇಳಿದಳು: "ಶಿರಸಿಗೆ ಹೋಗಿ ಒಮ್ಮೆ ತೋರಿಸ್ಕೊಂಡು ಬರ್ರಿ. ಎಷ್ಟು ಸಲ ಹೇಳೂದು?"

"ಆತು, ಫೋನ್ ಮಾಡ್ತೀನಿ," ಎಂದ.

ಶಿರಸಿಯ ಒಂದು ಖಾಸಗಿ ದವಾಖಾನೆಗೆ ಕಿವಿಯ ಡಾಕ್ಟರು ವಾರಕ್ಕೆರಡು ದಿನ ಬರುತ್ತಿದ್ದರು. ಮೊದಲೇ ಫೋನಿನಲ್ಲಿ ಹೆಸರು ಬರೆಸಬೇಕು. ಬೆಳಿಗ್ಗೆ ಎಂಟಕ್ಕೆ ಶಿವಲಿಂಗಪ್ಪ ಫೋನ್ ಹಚ್ಚಿದ. ಲೈನ್ ಬಿಜಿ. ಎಂಟೂ ಹತ್ತಕ್ಕೆ ಸಿಕ್ಕಿತು. ಆ ಕಡೆಯಿಂದ ಒಬ್ಬ ಹೆಂಗಸಿನ ದನಿ ಏನೋ ಹೇಳತೊಡಗಿತು. ಅದು ರೆಕಾರ್ಡು ಮಾಡಿಟ್ಟ ದನಿ ಎಂದು ತಿಳಿಯದೆ ಇವನು "ನಮಸ್ಕಾರ್ರಿ ತಂಗಿ, ನಾನು ಎಕ್ಕಂಬಿಯಿಂದ ಶಿವಲಿಂಗಪ್ಪ..." ಎಂದು ಶುರುಮಾಡಿದ. ದನಿ ನಿಲ್ಲಲೇ ಇಲ್ಲ. ಯಾವುದೋ ಅಂಕಿ ಒತ್ತಬೇಕಂತೆ. ಯಾವ ಅಂಕಿ? ಕಿವಿಗೆ ಎಷ್ಟು ಒತ್ತಿ ಹಿಡಿದರೂ ಕೇಳಲಿಲ್ಲ. ಮೂರು ಒತ್ತಿದ. ಫೋನ್ ಕಟ್ಟಾಯಿತು.

"ಕೊಡ್ರಿ ಇಲ್ಲಿ, ನಾ ಕೇಳಿ ಹೇಳ್ತೀನಿ," ಎಂದಳು ಸಿದ್ದವ್ವ.

"ನನಗೇನು ಫೋನ್ ಮಾಡಾಕ ಬರಂಗಿಲ್ಲೇನು?"

ಹೀಗೆ ಮೂರು ವಾರ ಕಳೆಯಿತು. ಒಮ್ಮೆ ಬಿಜಿ, ಒಮ್ಮೆ ಕಟ್ಟು, ಒಮ್ಮೆ ನಿಜವಾದ ಮನುಷ್ಯರೇ ಸಿಕ್ಕಿ, "ಇವತ್ತಿಂದು ಫುಲ್ ಆಯ್ತು" ಎಂದರು. ಬೇಸತ್ತ ಶಿವಲಿಂಗಪ್ಪ ಒಂದು ದಿನ ಬಸ್ಸು ಹತ್ತಿ ನೇರ ಹೋಗಿಯೇಬಿಟ್ಟ. ಮಧ್ಯಾಹ್ನ ಒಂದು ಗಂಟೆಯವರೆಗೆ ಕುರ್ಚಿಯಲ್ಲಿ ಕೂತ. ಕೌಂಟರಿನ ಹುಡುಗಿ ಅವನನ್ನು ಕರೆದು ಕೇಳಿದಳು:

"ಅಜ್ಜಾ, ಕಿವಿ ನೋವಾ? ಸೋರ್ತದಾ?"

"ಇಲ್ಲವಾ. ಕಡಿಮಿ ಕೇಳ್ತದ, ಅಷ್ಟ."

"ಹಂಗಾರೆ ಅರ್ಜೆಂಟ್ ಎಂತ ಇಲ್ಲೆ. ಫೋನ್ ಮಾಡಿ ಬುಕ್ ಮಾಡಿಸ್ಕೊಂಡು ಬನ್ನಿ."

ಅವಳು ಒರಟಾಗಿ ಹೇಳಲಿಲ್ಲ. ಆದರೂ ಶಿವಲಿಂಗಪ್ಪನ ಮುಖ ಬಿಸಿಯಾಯಿತು. ಎದ್ದು ಬಂದ.

ಬಸ್ ಸ್ಟ್ಯಾಂಡಿನತ್ತ ನಡೆಯುವಾಗ ಅವನ ಕಾಲು ತಾನಾಗಿ ಹಳೆಯ ಓಣಿಗೆ ಹೊರಳಿತು. ಅಲ್ಲಿ ಆನಂದ ಡಾಕ್ಟರ ದವಾಖಾನೆ ಇತ್ತು. ಈಗ ಆ ಜಾಗದಲ್ಲಿ ಮೊಬೈಲ್ ಅಂಗಡಿ. ಶಿವಲಿಂಗಪ್ಪ ಎದುರಿನ ಕಟ್ಟೆಯ ಮೇಲೆ ಸ್ವಲ್ಪ ಹೊತ್ತು ಕೂತ. ಎಳೆಯವನಿದ್ದಾಗ ಅಪ್ಪನ ಜೊತೆ ಸಂತೆಯ ದಿನ ಅಲ್ಲಿಗೆ ಬರುತ್ತಿದ್ದ. ಉದ್ದನೆಯ ಮರದ ಬೆಂಚು. ಸ್ಪಿರಿಟ್ಟಿನ ವಾಸನೆ. ಕೆಂಪು ಔಷಧದ ಬಾಟಲಿ, ಅದರ ಮೈಮೇಲೆ ಎಷ್ಟು ಕುಡಿಯಬೇಕೆಂದು ತೋರಿಸಲು ಕತ್ತರಿಸಿ ಅಂಟಿಸಿದ ಕಾಗದದ ಪಟ್ಟಿ. ಒಳಗೆ ಕಾಲಿಟ್ಟರೆ ಡಾಕ್ಟರು ಕನ್ನಡಕ ಮೇಲೆತ್ತಿ, "ಎಂತ ಆತು ಮಾರಾಯಾ? ಭತ್ತ ಕೊಯ್ದಾತಾ?" ಎನ್ನುತ್ತಿದ್ದರು. ಮೊದಲು ಭತ್ತ, ಆಮೇಲೆ ಜ್ವರ. ಯಾವ ನಂಬರೂ ಒತ್ತಬೇಕಿರಲಿಲ್ಲ. ಶಿವಲಿಂಗಪ್ಪನ ಕಣ್ಣು ತುಂಬಿತು. ಧೂಳು ಬಿದ್ದವನ ಹಾಗೆ ಒರೆಸಿಕೊಂಡು ಬಸ್ಸು ಹತ್ತಿದ.

"ಏನಂದ್ರು?" ಸಿದ್ದವ್ವ ಕೇಳಿದಳು.

"ಅರ್ಜೆಂಟ್ ಇಲ್ಲಂತ. ಜೀವ ಹೋಗೂದಲ್ಲ ಬಿಡು."

ಅಲ್ಲಿಗೆ ಅವನು ಕೈಬಿಟ್ಟ. ಯಾರು ಏನು ಹೇಳಿದರೂ ನಕ್ಕು ತಲೆಯಾಡಿಸುವುದನ್ನು ಕಲಿತ. ಸಂಜೆ ಕಟ್ಟೆಯ ಹರಟೆಗೆ ಹೋಗುವುದು ನಿಲ್ಲಿಸಿದ. ಪಕ್ಕದ ಮನೆಯ ವೀರಪ್ಪ, "ಬೆಳ್ಳುಳ್ಳಿ ಹಾಕಿ ಎಣ್ಣಿ ಕಾಸಿ ಕಿವ್ಯಾಗ ಬಿಡು, ಪಟ್ಟಂತ ತೆರೀತದ," ಎಂದ. ಬಿಟ್ಟ. ಕಿವಿ ತೆರೆಯಲಿಲ್ಲ. ಒಳಗೆ ಹತ್ತಿ ತುರುಕಿದಂತಾಗಿ ಇನ್ನಷ್ಟು ಮುಚ್ಚಿತು.

ಅದಾಗಿ ಹದಿನೈದು ದಿನಕ್ಕೆ ಆ ಘಟನೆ ನಡೆಯಿತು.

ಮಧ್ಯಾಹ್ನದ ಹೊತ್ತು. ಗಿರಣಿ ಓಡುತ್ತಿತ್ತು. ಶಿವಲಿಂಗಪ್ಪ ಬೆನ್ನು ತಿರುಗಿಸಿ ನಿಂತು ಜೋಳ ಸುರಿಯುತ್ತಿದ್ದ. ಸಿದ್ದವ್ವ ಗಿರಣಿಯ ಬೆಲ್ಟಿನ ಹತ್ತಿರ ಬಿದ್ದಿದ್ದ ಜರಡಿ ಎತ್ತಲು ಬಗ್ಗಿದಳು. ಸೆರಗು ಬೆಲ್ಟಿಗೆ ಸಿಕ್ಕಿತು. ಸರಕ್ಕನೆ ಎಳೆಯಿತು. ಅವಳು ಕಂಬವನ್ನು ತಬ್ಬಿ ಹಿಡಿದು ಕೂಗಿದಳು. ಮತ್ತೆ ಕೂಗಿದಳು. ಗಂಡ ಎರಡು ಮಾರು ದೂರದಲ್ಲಿ ಜೋಳ ಸುರಿಯುತ್ತಲೇ ಇದ್ದ.

ರಸ್ತೆಯ ಆಚೆ ಇದ್ದ ಮಂಜಿಗೆ ಕೇಳಿತು. ಅವಳು ಓಡಿಬಂದು ಮೇನ್ ಸ್ವಿಚ್ಚನ್ನು ಕೆಳಗೆಳೆದಳು.

ಕಾಲಡಿಯ ನೆಲದ ನಡುಕ ನಿಂತದ್ದರಿಂದ ಶಿವಲಿಂಗಪ್ಪ ತಿರುಗಿ ನೋಡಿದ. ಸಿದ್ದವ್ವ ನೆಲದ ಮೇಲೆ ಕೂತಿದ್ದಳು. ಸೆರಗು ಹರಿದಿತ್ತು. ಮಣಿಕಟ್ಟು ತರಚಿ ರಕ್ತ ಬರುತ್ತಿತ್ತು.

ಮಂಜಿ ಅವನ ಭುಜ ಹಿಡಿದು, ಮುಖಕ್ಕೆ ಮುಖ ಕೊಟ್ಟು ಹೇಳಿದಳು: "ಅಣ್ಣಾ, ಆಕಿ ನಿಮ್ಮ ಹೆಸರು ಹಿಡಿದು ಕೂಗಿದ್ಲು. ಹೆಸರು ಹಿಡಿದು!"

ಮದುವೆಯಾಗಿ ಮೂವತ್ತೊಂಬತ್ತು ವರ್ಷ. ಸಿದ್ದವ್ವ ಒಮ್ಮೆಯೂ ಗಂಡನ ಹೆಸರು ಹೇಳಿದವಳಲ್ಲ. ರೇಷನ್ ಕಾರ್ಡಿಗೆ ಕೇಳಿದರೂ ಪಕ್ಕದವರಿಂದ ಹೇಳಿಸುತ್ತಿದ್ದಳು. ಅಂಥವಳು ಜೀವ ಬಾಯಿಗೆ ಬಂದಾಗ ಕೂಗಿದ ಹೆಸರು ಊರಿಗೆಲ್ಲ ಕೇಳಿತ್ತು, ಅವನಿಗೊಬ್ಬನಿಗೆ ಕೇಳಿರಲಿಲ್ಲ.

ಊರಿನ ಆರೋಗ್ಯ ಉಪಕೇಂದ್ರದಲ್ಲಿ ಗಂಗಾಂಬಿಕಾ ಇದ್ದಳು. ಅಲ್ಲಿಯ ಆರೋಗ್ಯ ಅಧಿಕಾರಿ. ಸಿದ್ದವ್ವನ ಗಾಯ ತೊಳೆದು, ಪಟ್ಟಿ ಕಟ್ಟಿ, ಟಿಟಿ ಚುಚ್ಚಿದಳು. ಆಮೇಲೆ ಬಾಗಿಲ ಬಳಿ ತಲೆ ತಗ್ಗಿಸಿ ನಿಂತಿದ್ದ ಶಿವಲಿಂಗಪ್ಪನ ಹತ್ತಿರ ಕುರ್ಚಿ ಎಳೆದುಕೊಂಡು ಕೂತು, ನಿಧಾನವಾಗಿ, ತುಟಿ ಕಾಣುವಂತೆ ಕೇಳಿದಳು.

"ಕಾಕಾ, ಕಿವಿ ಯಾಕ ತೋರಿಸಿಲ್ಲ?"

"ತೋರಿಸಾಕ ಹೋಗಿದ್ನವಾ. ಅರ್ಜೆಂಟ್ ಅಲ್ಲ ಅಂದ್ರು."

"ಅರ್ಜೆಂಟ್ ಅಲ್ಲ ಅಂದ್ರ ತೋರಿಸೂದ ಬ್ಯಾಡ ಅಂತಲ್ಲ ಕಾಕಾ. ಇವತ್ತ ಆಗಬೇಕಂತಿಲ್ಲ ಅಂತ, ಅಷ್ಟ. ನೀವು ಎರಡು ವರ್ಷ ತಳ್ಳಿದ್ರಿ."

"ನಿಮ್ಮ ಫೋನು, ನಂಬರು, ನನಗಾಗೂದಿಲ್ಲ. ಆನಂದ ಡಾಕ್ಟರ ಕಾಲದಾಗ ಹಿಂಗಿರಲಿಲ್ಲ. ಹೋದ್ರ ಆತು, ನೋಡ್ತಿದ್ರು."

"ಹೋದ ಕೂಡಲೇ ನೋಡ್ತಿದ್ರೇನು?"

ಆ ಮರದ ಬೆಂಚು ಮತ್ತೆ ಶಿವಲಿಂಗಪ್ಪನ ಕಣ್ಣಮುಂದೆ ಬಂತು. ಬೆಳಗಿನ ಮೊದಲ ಬಸ್ಸಿಗೆ ಹೋದರೂ ಸರದಿ ಬರುವಾಗ ಮಧ್ಯಾಹ್ನ ಮೂರಾಗುತ್ತಿತ್ತು. ಅಪ್ಪನ ತೊಡೆಯ ಮೇಲೆ ಎರಡು ನಿದ್ದೆ ಮುಗಿಯುತ್ತಿತ್ತು. ಆದರೆ ಆಗಾಗ ಕಂಪೌಂಡರ್ ತಿಮ್ಮ ಹೊರಗೆ ಬಂದು, "ಎಕ್ಕಂಬಿಯವರೇ, ಇನ್ನು ಆರು ಜನ. ಹೋಗಿ ಚಾ ಕುಡ್ಕಂಡು ಬನ್ನಿ," ಎನ್ನುತ್ತಿದ್ದ. ಕಾಯುವುದು ಅಂದೂ ಇತ್ತು. ಇವರು ಕಾಯುತ್ತಿದ್ದಾರೆ ಎಂದು ತಿಳಿದ ಒಬ್ಬ ಮನುಷ್ಯನೂ ಇದ್ದ.

ಅದನ್ನೇ ಅವನು ಗಂಗಾಂಬಿಕಾಳಿಗೆ ಹೇಳಿದ, ತಡೆದು ತಡೆದು.

ಅವಳು ಕೇಳಿಸಿಕೊಂಡಳು. "ಖರೆ ಕಾಕಾ. ಅದಕ್ಕ ನಾ ಇಲ್ಲಿ ಕುಂತೀನಿ. ಫೋನ್ ಸಿಗಲಿಲ್ಲ ಅಂದ್ರ ಮನಿಗೆ ಹೋಗಬ್ಯಾಡ್ರಿ, ನನ್ನ ಹಂತ್ಯಾಕ ಬರ್ರಿ."

ಅವಳು ಟಾರ್ಚ್ ಹಾಕಿ ಕಿವಿಯೊಳಗೆ ನೋಡಿದಳು. "ಎಣ್ಣಿ ಬಿಟ್ಟೀರಿ. ಇನ್ನೊಮ್ಮೆ ಬಿಡಬ್ಯಾಡ್ರಿ. ಕಡ್ಡಿನೂ ಹಾಕಬ್ಯಾಡ್ರಿ." ಆಮೇಲೆ ಕಂಪ್ಯೂಟರ್ ತೆರೆದು, ದೂರದಲ್ಲಿ ಕೂತಿದ್ದ ಸರ್ಕಾರಿ ಡಾಕ್ಟರೊಬ್ಬರನ್ನು ಪರದೆಯ ಮೇಲೆ ಕರೆಸಿದಳು. ಅವರು ಕೇಳಿದ್ದನ್ನು ಇವಳು ಗಟ್ಟಿಯಾಗಿ ಹೇಳಿದಳು. ಕಿವಿಯ ಡಾಕ್ಟರಿಗೆ ತೋರಿಸಲೇಬೇಕು ಎಂದು ಅವರು ಸೂಚಿಸಿದರು. ಗಂಗಾಂಬಿಕಾ ಚೀಟಿ ಬರೆದು, ತಾಲೂಕಿನ ಆಸ್ಪತ್ರೆಗೆ ತಾನೇ ಫೋನ್ ಮಾಡಿ, ಯಾವ ದಿನ, ಎಷ್ಟು ಹೊತ್ತಿಗೆ, ಯಾವ ಕೋಣೆ ಎಂದು ಕೇಳಿ ಅದರ ಹಿಂದೆಯೇ ಗುರುತು ಹಾಕಿದಳು.

"ಒಂಬತ್ತು ದಿನ ಕಾಯಬೇಕು ಕಾಕಾ."

"ಒಂಬತ್ತು ದಿನಾ?"

ಸಿದ್ದವ್ವ ಪಟ್ಟಿ ಕಟ್ಟಿದ ಕೈಯಿಂದ ಚೀಟಿ ಇಸಿದುಕೊಂಡಳು. "ಕಾಯ್ತೀವಿ. ನಾನೂ ಹೋಗ್ತೀನಿ ಸಂಗಾಟ."

ಶಿವಲಿಂಗಪ್ಪ ಈ ಸಲ ಬೇಡ ಎನ್ನಲಿಲ್ಲ.

ಹೊರಡುವ ಹಿಂದಿನ ದಿನ ಗಂಡ ಹೆಂಡತಿ ಕೂತು, ಡಾಕ್ಟರಿಗೆ ಹೇಳಬೇಕಾದದ್ದನ್ನು ಒಂದು ಹಾಳೆಯಲ್ಲಿ ಬರೆದರು: ಯಾವಾಗಿನಿಂದ ಕೇಳುವುದಿಲ್ಲ, ಯಾವ ಕಿವಿ, ಬಿಪಿಗೆ ಯಾವ ಮಾತ್ರೆ. ಅಲ್ಲೂ ಸರದಿ ಇತ್ತು, ಒಂದೂವರೆ ತಾಸು ಕೂತರು. ಡಾಕ್ಟರು ಕಿವಿಯಲ್ಲಿ ಗಟ್ಟಿಯಾಗಿ ಕೂತಿದ್ದ ಗುಗ್ಗೆಯನ್ನು ತೆಗೆದು, ಕಿವಿಯ ಪರೀಕ್ಷೆ ಮಾಡಿಸಿದರು. "ಅರ್ಧ ತೊಂದರೆ ಇದರಿಂದ. ಇನ್ನರ್ಧ ಗಿರಣಿ ಸದ್ದಿಂದ. ಹೋದದ್ದು ವಾಪಸ್ ಬರೋದಿಲ್ಲ, ಉಳಿದದ್ದನ್ನ ಉಳಿಸ್ಕೊಳ್ಳಬಹುದು. ಎರಡು ವರ್ಷ ಮೊದಲು ಬಂದಿದ್ದರೆ ಇನ್ನೂ ಹೆಚ್ಚು ಉಳೀತಿತ್ತು," ಎಂದರು. ಕೇಳುವ ಯಂತ್ರಕ್ಕೆ ಬರೆದುಕೊಟ್ಟರು. ಗಿರಣಿ ಓಡುವಾಗ ಸದ್ದು ತಡೆಯುವ ಕಿವಿಯ ಮುಚ್ಚಳ ಹಾಕಿಕೊಳ್ಳಲು ಹೇಳಿದರು.

ಆಸ್ಪತ್ರೆಯ ಮೆಟ್ಟಿಲು ಇಳಿಯುವಾಗ ಶಿವಲಿಂಗಪ್ಪ ನಿಂತ.

"ಏನಾತ್ರಿ?"

"ನಿನ್ನ ಬಳಿ ಸದ್ದು," ಎಂದ. ಸಿದ್ದವ್ವ ನಕ್ಕು, ಬೇಕೆಂದೇ ಇನ್ನೊಮ್ಮೆ ಕೈಬಳೆ ಆಡಿಸಿದಳು.

ಈಗ ಗಿರಣಿಯ ಬೆಲ್ಟಿಗೆ ತಂತಿಯ ಜಾಲರಿ ಬಂದಿದೆ. ಹಿಟ್ಟಿಗೆ ಕಾಯುವವರ ಹತ್ತಿರ ಶಿವಲಿಂಗಪ್ಪ ತಾನಾಗಿಯೇ ಕೇಳುತ್ತಾನೆ, "ಯಾರಿಗಾದ್ರೂ ಡಾಕ್ಟರ ತಾರೀಖು ಬೇಕೇನ್ರಿ?" ಮಂಜಿಯ ಮಸುಕಾದ ಕಣ್ಣಿಗೆ, ವೀರಪ್ಪನ ಮೊಣಕಾಲಿಗೆ ಅವನೇ ಉಪಕೇಂದ್ರಕ್ಕೆ ಕರೆದುಕೊಂಡು ಹೋಗಿ ಹೆಸರು ಬರೆಸಿದ್ದಾನೆ.

ಓದುತ್ತಿರುವ ಅಕ್ಕ, ಅಣ್ಣ, ನಿಮ್ಮ ಮನೆಯಲ್ಲೂ "ಅರ್ಜೆಂಟ್ ಏನಿಲ್ಲ ಬಿಡಿ" ಎನ್ನುತ್ತ ಕಾಲ ತಳ್ಳುತ್ತಿರುವವರು ಒಬ್ಬರಿರಬಹುದು. ಮಂಜಾದ ಕಣ್ಣು, ಕೇಳದ ಕಿವಿ, ಜೋಮು ಹಿಡಿಯುವ ಕಾಲು. ಫೋನ್ ಒಮ್ಮೆ ಸಿಗದಿದ್ದರೆ ಮತ್ತೆ ಮಾಡಿ, ಆಗದಿದ್ದರೆ ಹತ್ತಿರದ ಉಪಕೇಂದ್ರಕ್ಕೋ ಆಶಾ ಕಾರ್ಯಕರ್ತೆಯ ಬಳಿಗೋ ಹೋಗಿ ಕೇಳಿ. ಹೇಳಬೇಕಾದದ್ದನ್ನು ಬರೆದಿಟ್ಟುಕೊಳ್ಳಿ, ಜೊತೆಗೆ ಒಬ್ಬರನ್ನು ಕರೆದೊಯ್ಯಿರಿ. ಕಿವಿ ಇದ್ದಕ್ಕಿದ್ದಂತೆ ಕೇಳದಾದರೆ, ರಕ್ತವೋ ಕೀವೋ ಬಂದರೆ, ತಲೆ ಗಿರ್ರೆಂದು ಸುತ್ತಿದರೆ ಮಾತ್ರ ತಾರೀಖಿಗೆ ಕಾಯಬೇಡಿ, ಅಂದೇ ಆಸ್ಪತ್ರೆಗೆ ಹೋಗಿ. ಫೋನ್ ಮಾಡಲು ಬರುವವರೇ, ಬಾರದವರ ಪರವಾಗಿ ನೀವು ಒಂದು ಕರೆ ಮಾಡಿ. ನಾಳೆ ಬೆಳಿಗ್ಗೆಯೇ ಮಾಡಿ.