ವಸಂತಮ್ಮನ ಟಿವಿ

ತೊಂಬತ್ತೆಂಟರ ಬೇಸಿಗೆಯಲ್ಲಿ ಭದ್ರಾವತಿ ಹಳೇನಗರದ ಅಂಗನವಾಡಿ ಟೀಚರ್ ಜಗದಾಂಬಾಗೆ ಇನ್ನೊಂದು ಕೆಲಸ ಬಂತು. ತನ್ನ ಬೀದಿಯಲ್ಲಿ ಯಾರು ಬಡವರು, ಯಾರಲ್ಲ ಎಂದು ಮನೆಮನೆಗೆ ಹೋಗಿ ಬರೆದುಕೊಂಡು ಬರಬೇಕು. ಬಡವರೆಂದು ಬರೆದವರಿಗೆ ಹಳದಿ ಕಾರ್ಡು, ಅಗ್ಗದ ಅಕ್ಕಿ, ಸೀಮೆಎಣ್ಣೆ. ಮನೆಯಲ್ಲಿ ಟಿವಿ ಇದ್ದರೆ ಕಾರ್ಡಿಲ್ಲ. ಶಿವಮೊಗ್ಗದ ಮೀಟಿಂಗಿನಲ್ಲಿ ಸಾಹೇಬರೊಬ್ಬರು, "ಕಳೆದ ಸಲ ನಿಮ್ಮ ಕಡೆ ಬಡವರು ಜಾಸ್ತಿ ಆಗಿದ್ರು. ಈ ಸಲ ಕಡಿಮೆ ಮಾಡಿ" ಎಂದಿದ್ದರು. ಬಡವರನ್ನು ಕಡಿಮೆ ಮಾಡುವುದು ಹೇಗೆಂದು ಯಾರೂ ಕೇಳಲಿಲ್ಲ. ಬಸ್ಸಿನ ಹೊತ್ತಾಗಿತ್ತು.

ಜಗದಾಂಬಾಳ ಗಂಡ ತೀರಿಹೋಗಿದ್ದ. ಸರ್ಕಾರ ಕೊಡುವ ಗೌರವಧನದಲ್ಲಿ ಅವಳೂ ಮಗಳು ಸಿರಿಯೂ ಬದುಕಬೇಕು. ಅದು ಬರುವುದೂ ತಡವಾಗಿ. ಅವಳ ಮನೆಗೂ ಅಕ್ಕಿ ಬರುತ್ತಿದ್ದದ್ದು ಹಳದಿ ಕಾರ್ಡಿನಲ್ಲೇ.

ಪಕ್ಕದ ಮನೆಯ ವಸಂತಮ್ಮನ ಗಂಡ ಕರಿಯಪ್ಪ ಕಾರ್ಖಾನೆಯಲ್ಲಿ ಕಂಟ್ರಾಕ್ಟ್ ಕೆಲಸಕ್ಕಿದ್ದವನು. ಕಂಟ್ರಾಕ್ಟ್ ನಿಂತ ಮೇಲೆ ಸಂತೆಯಲ್ಲಿ ಮೂಟೆ ಹೊರುತ್ತಿದ್ದ. ಕೆಲಸವಿದ್ದ ಕಾಲದಲ್ಲಿ ಕೊಂಡ ಟಿವಿಯೊಂದು ಮನೆಯಲ್ಲಿತ್ತು. ಚಿತ್ರ ಹೋಗಿ ಎಷ್ಟೋ ಕಾಲವಾಗಿತ್ತು, ಸದ್ದು ಮಾತ್ರ ಬರುತ್ತಿತ್ತು. ಮಾರಲು ಹೋದರೆ ಯಾರೂ ಕೊಳ್ಳಲಿಲ್ಲ.

"ಇದನ್ನೂ ಬರೀತೀಯಾ ಜಗದಕ್ಕ?" ಎಂದಳು ವಸಂತಮ್ಮ.

"ರೂಲ್ಸು ಹಾಗಿದೆ ಮಾರಾಯ್ತಿ."

"ಸೋಪಿಗೆ, ಚಪ್ಪಲಿಗೆ, ಮಕ್ಕಳ ಔಷಧಿಗೆ, ಎಲ್ಲಕ್ಕೂ ನಾವು ಟ್ಯಾಕ್ಸ್ ಕೊಡ್ತೀವಿ. ಅಂಗಡೀಲಿ ಯಾರೂ ನಿಮ್ಮನೇಲಿ ಟಿವಿ ಇದೆಯಾ ಅಂತ ಕೇಳಲ್ಲ. ಅಕ್ಕಿ ಕೊಡೋವಾಗ ಮಾತ್ರ ಕೇಳ್ತಾರೆ."

ಜಗದಾಂಬಾಗೆ ಬಿಸಿಲಿನಲ್ಲಿ ಅಲೆದು ತಲೆ ಸಿಡಿಯುತ್ತಿತ್ತು. 'ಟಿವಿ ಇಲ್ಲ' ಎಂದು ಬರೆದು ಎದ್ದಳು.

ವಾರದೊಳಗೆ ಸುದ್ದಿ ಬಂತು. ಬರೆದದ್ದು ನಿಜವೇ ಎಂದು ನೋಡಲು ಶಿವಮೊಗ್ಗದಿಂದ ಅಧಿಕಾರಿ ಬರುತ್ತಾರಂತೆ. ಆ ದಿನ ಬೆಳಿಗ್ಗೆ ಕರಿಯಪ್ಪ ಟಿವಿಗೆ ಕಂಬಳಿ ಸುತ್ತಿ ಜಗದಾಂಬಾಳ ಮನೆಗೆ ಹೊತ್ತು ತಂದ. ಸಮೀಕ್ಷೆ ಮಾಡಿದವಳ ಮನೆಯನ್ನೇ ಯಾರು ತಪಾಸಣೆ ಮಾಡುತ್ತಾರೆ ಎಂದು ಅವರೆಲ್ಲ ಅಂದುಕೊಂಡಿದ್ದರು.

ಷಡಕ್ಷರಪ್ಪ ಎಂಬ ಆ ಅಧಿಕಾರಿ ನಿವೃತ್ತಿಗೆ ಹತ್ತಿರವಾದವರು, ಕೆಟ್ಟ ಮನುಷ್ಯರೇನಲ್ಲ. ಮಧ್ಯಾಹ್ನದ ಹೊತ್ತಿಗೆ ಬೀದಿ ಮುಗಿಸಿ ಬಸವಳಿದು ಹೋಗಿದ್ದರು. "ಒಂದು ಲೋಟ ನೀರು ಕೊಡ್ತೀರಾಮ್ಮ?" ಎನ್ನುತ್ತ ಜಗದಾಂಬಾಳ ಮನೆಯೊಳಗೆ ಬಂದರು. ಕಂಬಳಿ ಹೊದಿಸಿದ್ದನ್ನು ಪೆಟ್ಟಿಗೆಯೆಂದುಕೊಂಡು ಕೂರಲು ಹೋದಾಗ ಕಂಬಳಿ ಜಾರಿತು.

"ಟಿವಿ ಇದೆಯಲ್ಲಮ್ಮ. ನಿಮ್ಮದಾ?"

ಬಾಗಿಲ ಬಳಿ ವಸಂತಮ್ಮ ನಿಂತಿದ್ದಳು. ಜಗದಾಂಬಾ ಅತ್ತ ನೋಡಿದಾಗ ಅವಳು ತಲೆ ತಗ್ಗಿಸಿದಳು. ನಮ್ಮದಲ್ಲ ಅಂದರೆ ಯಾರದು ಎಂದು ಕೇಳುತ್ತಾರೆ. ಆಗ ವಸಂತಮ್ಮನ ಕಾರ್ಡು ಹೋಗುತ್ತದೆ, ಸುಳ್ಳು ಬರೆದದ್ದಕ್ಕೆ ತನ್ನ ಕೆಲಸವೂ ಹೋಗಬಹುದು.

"ಹೌದು ಸಾರ್, ನಮ್ಮದೇ."

ಷಡಕ್ಷರಪ್ಪ ನೀರು ಕುಡಿದು ಲೋಟ ಕೆಳಗಿಟ್ಟರು. "ಬೇಜಾರು ಮಾಡ್ಕೋಬೇಡಿ. ನಿಮ್ಮನೆ ಟಿವಿ ಬರೀದೆ ಬಿಟ್ಟದ್ದನ್ನ ನಾನು ಯಾರಿಗೂ ಹೇಳಲ್ಲ. ಆದ್ರೆ ಇಷ್ಟು ಕಾರ್ಡು ತೆಗೀಬೇಕು ಅಂತ ನನಗೂ ಮೇಲಿಂದ ಹೇಳಿದಾರೆ" ಎಂದು ಅವಳ ಹೆಸರಿನ ಮೇಲೆ ಗೆರೆ ಎಳೆದರು.

ಜಗದಾಂಬಾ ಒಮ್ಮೆ ಶಿವಮೊಗ್ಗಕ್ಕೆ ಹೋಗಿ ಕಚೇರಿಯಲ್ಲಿ ಕೇಳಿ ನೋಡಿದಳು. "ಸರ್ಕಾರಿ ಸಂಬಳ ಇದೆ, ಟಿವಿ ಇದೆ, ನಿಮಗ್ಯಾಕಮ್ಮ ಹಳದಿ ಕಾರ್ಡು?" ಎಂದ ಗುಮಾಸ್ತ.

"ಸಂಬಳ ಅಲ್ಲ ಸಾರ್, ಗೌರವಧನ."

"ಎರಡೂ ದುಡ್ಡೇ ಅಲ್ವಾ?" ಎಂದು ಅವನು ಮುಂದಿನವರನ್ನು ಕರೆದ. ವಾಪಸು ಬರುವಾಗ ಬಸ್ಸಿನಲ್ಲಿ ಸೀಟು ಸಿಗಲಿಲ್ಲ. ಭದ್ರಾವತಿಯವರೆಗೂ ಕಂಬಿ ಹಿಡಿದು ನಿಂತೇ ಬಂದಳು. ಯಾರ ಮೇಲೂ ಸಿಟ್ಟು ಬರಲಿಲ್ಲ. ಎಲ್ಲಾದರೂ ಸ್ವಲ್ಪ ಕೂತರೆ ಸಾಕು ಎನಿಸುತ್ತಿತ್ತು.

ಮುಂದಿನ ತಿಂಗಳು ರೇಷನ್ ಬಂದ ಸಂಜೆ ವಸಂತಮ್ಮ ಮೊರದ ತುಂಬ ಅಕ್ಕಿ ತಂದಳು.

"ಅವತ್ತು ನನಗೆ ಬಾಯೇ ಬರಲಿಲ್ಲ ಜಗದಕ್ಕ."

"ಬಂದಿದ್ರೆ ನಿನ್ನ ಕಾರ್ಡು, ನನ್ನ ಕೆಲಸ ಎರಡೂ ಹೋಗ್ತಿತ್ತು. ಬಿಡು."

"ಇನ್ಮೇಲೆ ಪ್ರತಿ ತಿಂಗಳೂ ಅರ್ಧ ಕೊಡ್ತೀನಿ."

ಅರ್ಧ ಕೊಟ್ಟರೆ ಆ ಮನೆಯ ಮಕ್ಕಳಿಗೆ ಸಾಲುವುದಿಲ್ಲ. ಅಂಗನವಾಡಿಯಲ್ಲಿ ಆ ಮಕ್ಕಳನ್ನು ತಕ್ಕಡಿಗೆ ಹಾಕಿ ತೂಗುವವಳು ಜಗದಾಂಬಾಳೇ. ಬೇಡ ಎನ್ನಬೇಕೆನಿಸಿತು. ಒಳಗೆ ಸಿರಿ ಅನ್ನಕ್ಕೆ ಎಸರಿಟ್ಟು ಕಾಯುತ್ತಿದ್ದಳು. ಜಗದಾಂಬಾ ಕೈಚಾಚಿ ಮೊರ ತೆಗೆದುಕೊಂಡಳು. ಅಕ್ಕಿಯಲ್ಲಿ ಕಲ್ಲು ಬಹಳ ಇತ್ತು. ಇಬ್ಬರೂ ಜಗಲಿಯ ಮೇಲೆ ಕೂತು ಆರಿಸತೊಡಗಿದರು.